ಹರಿಯಲೆಂದೇ ಕಟ್ಟುವ ದಾರ

ಸಿರುಗುಪ್ಪದ ಹೊಳೆದಂಡೆಯಲ್ಲಿ ಇನ್ನೂ ಮಬ್ಬುಗತ್ತಲು. ಹಂಪಕ್ಕ ಹೊಸ್ತಿಲ ಮೇಲೆ ಕೂತು ಗಾಳದ ದಾರವನ್ನು ಕೆಳತುಟಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದಾರೆ. ದಾರದಲ್ಲಿ ಎಲ್ಲಾದರೂ ಗೀರು ಬಿದ್ದಿದ್ದರೆ ಕಣ್ಣಿಗಿಂತ ಮೊದಲು ತುಟಿಗೆ ತಿಳಿಯುತ್ತದೆ. ಎದುರಿಗೆ ತಮ್ಮ ಅಂಜಿನಪ್ಪ ಹುಟ್ಟನ್ನು ಹೆಗಲಿಗಿಟ್ಟು ನಿಂತಿದ್ದಾನೆ. ಬೆಳಗಾಗುವ ಮೊದಲೇ ಮುಖ ಗಂಟು.

"ಅಕ್ಕಾ, ಆ ಸೋಲುದಾರ ಇವತ್ತೊಂದಿನ ಬಿಡು. ಹೊಳಿಗಿ ನೀರು ಬಿಟ್ಟಾರ, ದೊಡ್ಡ ಮೀನು ಬಂದಾವು."

"ಹಂಗಂದ್ರ ನನ್ನ ದಾರ ಮುಟ್ಟಬ್ಯಾಡ. ಬಳ್ಳಾರಿಗಿ ಹೋಗಿ ತಂದ್ಕ."

ಅಂಜಿನಪ್ಪ ಗೊಣಗುತ್ತಲೇ ಅಕ್ಕ ಕಟ್ಟಿದ ದಾರ ತೆಗೆದುಕೊಂಡು ಹರಿಗೋಲಿನ ಕಡೆ ಇಳಿಯುತ್ತಾನೆ. ಉದ್ದ ದಾರಕ್ಕೂ ಗಾಳಕ್ಕೂ ನಡುವೆ ಹಂಪಕ್ಕ ಮೊಳದಷ್ಟು ಬಡಕಲು ನೂಲು ಕಟ್ಟುತ್ತಾರೆ. ಅದೇ ಸೋಲುದಾರ. ಮಿತಿ ಮೀರಿ ಎಳೆತ ಬಂದರೆ ಮೊದಲು ಅದು ಹರಿಯಬೇಕು. ಗಾಳ ಹೋಗುತ್ತದೆ, ದಾರವೂ ಮನುಷ್ಯನೂ ಉಳಿಯುತ್ತಾರೆ. ಅತ್ತೆ ಕಲಿಸಿದ ವಿದ್ಯೆ ಇದು.

ಹಂಪಕ್ಕನ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ. ಮೀನು ಹಿಡಿದವನ ಹೆಸರನ್ನು ಊರು ಹೊಗಳುತ್ತದೆ. ದಾರ ಆರಿಸಿ ಗಂಟು ಹಾಕಿಕೊಟ್ಟವರನ್ನು ಯಾರು ಕೇಳುತ್ತಾರೆ? ಕೊಳ್ಳಲು ಬಂದವರಿಗೆ ಆಕೆ ಕೇಳುವ ಮೊದಲ ಮಾತು ಯಾವ ಮೀನು ಎಂದಲ್ಲ, ಯಾವ ನೀರು ಎಂದು. ಕುರುಗೋಡು ಕಡೆಯ ಕೆರೆಯ ತಿಳಿನೀರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ದಾರ. ಕಾಲುವೆಗೆ ಅದೇ, ತುಸು ದಪ್ಪ. ಹೊಳೆಗೆ ಮಾತ್ರ ಹುರಿ ಹಾಕಿದ ನೈಲಾನ್. ಕಲ್ಲಿಗೆ ತಿಕ್ಕಿದರೂ ತಾಳುತ್ತದೆ, ಕೈಗೆ ಮೆತ್ತಗಿರುತ್ತದೆ. ಪ್ಲಾಸ್ಟಿಕ್ ದಾರದ ಉರುಳೆಗಳು ಅಕ್ಕಿ ಡಬ್ಬಿಯೊಳಗೆ ಭದ್ರವಾಗಿವೆ. ಬರೆದುಕೊಳ್ಳಲು ಬಂದ ನಮಗೆ ಹಂಪಕ್ಕ ಕಾರಣ ಹೇಳುತ್ತಾರೆ: "ಅಂಗಡ್ಯಾಗ ಬಿಸಲಿಗಿ ನೇತು ಹಾಕಿರ್ತಾರ. ನಮ್ಮ ಬಳ್ಳಾರಿ ಬಿಸಲು ಮನುಷ್ಯಾರ್ನ ಬಿಡಂಗಿಲ್ಲ, ದಾರ ಬಿಡತೈತೇನ್ರಿ?"

ಮಾತು ಮುಗಿಯುವಷ್ಟರಲ್ಲಿ ಗಂಡ ಮಾರೆಣ್ಣ ಅಂಗಿ ತೊಟ್ಟು ಎದುರು ಬಂದು ನಿಲ್ಲುತ್ತಾರೆ. ಹಂಪಕ್ಕ ಎದ್ದು ಒಂದೊಂದೇ ಗುಂಡಿ ಹಾಕುತ್ತಾರೆ. ಮಾರೆಣ್ಣನ ಎಡಗೈಯಲ್ಲಿ ತೋರುಬೆರಳಿಲ್ಲ, ನಡುಬೆರಳಿಲ್ಲ. ಉಳಿದವು ಮಡಚುವುದಿಲ್ಲ. ಗುಂಡಿ ಹಾಕಿಸಿಕೊಂಡು ಅವರು ಚಹಾದಂಗಡಿಗೆ ಹೊರಡುತ್ತಾರೆ.

ಕೆಲವು ವರ್ಷಗಳ ಹಿಂದೆ ಮಾರೆಣ್ಣ ಬಳ್ಳಾರಿಯ ಅಂಗಡಿಯೊಂದರಿಂದ ಎಳೆಎಳೆಯಾಗಿ ಹೆಣೆದ ಹೊಸ ದಾರ ತಂದರು. ಆನೆ ಎಳೆದರೂ ಹರಿಯದು ಎಂದಿದ್ದನಂತೆ ಅಂಗಡಿಯವನು. ಇಂಥ ದಾರಕ್ಕೆ ಸೋಲುದಾರ ಕಟ್ಟಿದರೆ ಹೊಳೆಯವರೆಲ್ಲ ನಗುತ್ತಾರೆ ಎಂದು ಮಾರೆಣ್ಣ ಹಟ ಹಿಡಿದರು. ಹಂಪಕ್ಕ ಗಾಳವನ್ನು ನೇರವಾಗಿ ಅದಕ್ಕೇ ಬಿಗಿದು ಕೊಟ್ಟರು. ಹುಟ್ಟು ಹಾಕುವಾಗ ಮೀನು ಕಚ್ಚಿದ್ದು ತಿಳಿಯಲೆಂದು ಇಲ್ಲಿಯವರು ದಾರದ ತುದಿಯನ್ನು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಮುತ್ತಜ್ಜನ ಕಾಲದಿಂದ ಹಾಗೆ ಸುತ್ತಿಕೊಂಡದ್ದು ಸೋಲುದಾರದ ಧೈರ್ಯದ ಮೇಲೆ. ದಾರ ಬದಲಾಯಿತು, ಸುತ್ತಿಕೊಳ್ಳುವ ರೂಢಿ ಬದಲಾಗಲಿಲ್ಲ. ಸೆಳವಿನಲ್ಲಿ ಗಾಳಕ್ಕೆ ಏನೋ ಸಿಕ್ಕಿತು. ಪಕ್ಕದ ಹರಿಗೋಲಿನಲ್ಲಿದ್ದ ಅಂಜಿನಪ್ಪ ಕುಡುಗೋಲು ಬೀಸಿ ದಾರ ಕತ್ತರಿಸುವಷ್ಟರಲ್ಲಿ ಅದು ಮೂಳೆ ಮುಟ್ಟಿತ್ತು. ಆಸ್ಪತ್ರೆಯಲ್ಲಿ ಬೆರಳು ತೆಗೆದರು.

ಚಹಾದಂಗಡಿಯಲ್ಲಿ ಮಾರೆಣ್ಣ ಹೇಳುವ ಕಥೆಯಲ್ಲಿ ಗಾಳಕ್ಕೆ ಸಿಕ್ಕಿದ್ದು ಬಾಳೆಮೀನು. ನೀರಿಲ್ಲದೆಯೂ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ನಿಜವಾಗಿ ಸಿಕ್ಕಿದ್ದು ತೇಲಿ ಬಂದ ಜಾಲಿ ಬೊಡ್ಡೆ. ಅಂಜಿನಪ್ಪ ಕಣ್ಣಾರೆ ಕಂಡಿದ್ದಾನೆ, ಊರಿಗೂ ಗೊತ್ತು.

"ಬರಕೋರಿ, ಅದರಾಗ ಮುಚ್ಚಿಡಾದು ಏನೈತಿ?" ಹಂಪಕ್ಕ ಮುಖ ಎತ್ತುವುದಿಲ್ಲ. "ಮೀನಿಗಿ ಬೆರಳು ಕೊಟ್ಟೆ ಅಂದ್ರ ಗಂಡಸಿಗಿ ಮರ್ಯಾದಿ. ಬೊಡ್ಡಿಗಿ ಕೊಟ್ಟೆ ಅಂತ ಹೆಂಗ ಹೇಳ್ಯಾನು? ಗಂಟು ಹಾಕಿದಾಕಿ ನಾನರೀ. ಅಷ್ಟು ಎಳೆದ್ರೂ ಆ ಗಂಟು ಬಿಚ್ಚಲಿಲ್ಲ ನೋಡ್ರಿ. ಅಷ್ಟು ಚಂದ ಹಾಕಿದ್ದೆ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಈ ಹೊಳೆದಂಡೆಯಲ್ಲಿ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ. ಮಾರೆಣ್ಣನ ಕೈ ಕಂಡವರೇ ಬಳ್ಳಾರಿಯ ದಾರ ತಂದು ಬೆರಳಿಗೆ ಸುತ್ತಿಕೊಂಡು ಹೊರಡುತ್ತಾರೆ. ಅಂಗೈ ಸೀಳಿಸಿಕೊಂಡವನೊಬ್ಬ ಹೊಲಿಗೆ ಒಣಗುವ ಮೊದಲೇ ಮತ್ತೆ ಅದನ್ನೇ ಹಿಡಿದ. ನಗೆಪಾಟಲಾದದ್ದು ಹಂಪಕ್ಕ: ಗಂಡನ ಕೈ ತಿಂದಾಕಿ, ಆಕೆಯ ದಾರ ಬಟ್ಟೆ ಒಣಹಾಕಲು ಸರಿ. ಈಗ ಆಕೆಯ ವ್ಯಾಪಾರವೆಲ್ಲ ತೆಕ್ಕಲಕೋಟೆ, ಕುರುಗೋಡು ಸಂತೆಯ ಕಾಲುವೆ ಗಿರಾಕಿಗಳದು. ಹೊಳೆಯಲ್ಲಿ ಆಕೆಯ ದಾರ ಹಿಡಿಯುವವನು ಅಂಜಿನಪ್ಪನೊಬ್ಬನೇ. ಅವನನ್ನೂ ಉಳಿದವರು ಚುಚ್ಚುತ್ತಾರೆ. ಅವನೂ ಸೋಲುದಾರ ಬಿಟ್ಟ ದಿನ ಅವನ ಕೈ ಕಾಯಲು ಯಾರೂ ಇರುವುದಿಲ್ಲ ಎಂಬುದೊಂದೇ ಹಂಪಕ್ಕನ ಭಯ.

ಬಿಸಿಲು ಏರುವ ಹೊತ್ತಿಗೆ ಅಂಜಿನಪ್ಪ ಬರುತ್ತಾನೆ. ಬುಟ್ಟಿಯಲ್ಲಿ ನಾಲ್ಕು ಸಣ್ಣ ಮೀನು. ದಾರವನ್ನು ಅಕ್ಕನ ಕಾಲ ಬುಡಕ್ಕೆ ಎಸೆಯುತ್ತಾನೆ, ತುದಿಯಲ್ಲಿ ಗಾಳವಿಲ್ಲ.

"ಹೋತು! ಬಾಳೆಮೀನು, ಕಣ್ಣಾರೆ ಕಂಡೆ. ಕೈಗಿ ಬಂದಿದ್ದು ಹೋತು ನಿನ್ನ ಸೋಲುದಾರದಿಂದ. ಎಲ್ಲಾರೂ ನಕ್ರು. ನಾಳಿಯಿಂದ ಬಳ್ಳಾರಿ ದಾರಾನ ತರ್ತೀನಿ."

ಹಂಪಕ್ಕ ಎದ್ದು ಬರುತ್ತಾರೆ. ಅವನ ಎಡಗೈ ಹಿಡಿದು ಬೆಳಕಿಗೆ ಎಳೆಯುತ್ತಾರೆ. ತೋರುಬೆರಳಿನ ಸುತ್ತ ದಾರ ಒತ್ತಿದ ಕೆಂಪು ಗೆರೆ, ಚರ್ಮ ಹರಿದಿಲ್ಲ. ಆ ಗೆರೆಯ ಮೇಲೆ ಹೆಬ್ಬೆರಳಾಡಿಸಿ ಕೈ ಬಿಡುತ್ತಾರೆ. ಮತ್ತೆ ಕೂತು ಹೊಸ ಗಾಳಕ್ಕೆ ಬಡಕಲು ನೂಲು ಪೋಣಿಸುತ್ತಾರೆ.

"ಬೈಯಿ, ಎಷ್ಟರ ಬೈಯಿ. ನಾಳಿ ಮುಂಜಾನಿ ನಿನ್ನ ಅಂಗಿ ಗುಂಡಿ ನೀನ ಹಾಕ್ಕೊಂತಿ ಅಲ್ಲೇನು? ಅದು ನನ್ನ ದಾರದ ಕೆಲಸ."