ಅಲಸಂಡೆ ಚಪ್ಪರದ ಸಿ.ಡಿ.

ಕಾಪುವಿನ ಪ್ಯಾಟ್ರಿಕ್ ಮಸ್ಕತ್ತಿನಿಂದ ಬಂದ ಮೇಲೆ ಮನೆಯಲ್ಲೇ ಕಂಪ್ಯೂಟರ್ ರಿಪೇರಿ ಹಿಡಿದವರು. ತಾನಾಗಿ ಏಳದ ಕಂಪ್ಯೂಟರನ್ನೂ ಎಬ್ಬಿಸಿ ಕೂರಿಸುವ ಒಂದು ಹಳೆಯ ಸಿ.ಡಿ. ಅವರ ದೊಡ್ಡ ಆಸ್ತಿ.

ಅವತ್ತು ಎರ್ಮಾಳಿನ ಪ್ರಫುಲ್ಲಾ ತಮ್ಮ ಕಂಪ್ಯೂಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬಂದಿಳಿದರು.

"ಆನ್ ಆಗುವುದೇ ಇಲ್ಲ ಪ್ಯಾಟ್ರಿಕಣ್ಣ. ತೀರಿಹೋದ ಅಮ್ಮ ಹಾಡಿದ ಪಾಡ್ದನಗಳೆಲ್ಲ ಇದರಲ್ಲೇ ಉಂಟು. ಬೇರೆಲ್ಲೂ ಇಲ್ಲ."

"ಹೆದರಬೇಡಿ ಮಾರಾಯ್ರೆ. ಹಾಡು ಒಳಗೇ ಕೂತಿರುತ್ತದೆ, ನಾವು ಬಾಗಿಲು ತೆಗೆದರಾಯಿತು" ಎನ್ನುತ್ತಾ ಪ್ಯಾಟ್ರಿಕ್ ಸಿ.ಡಿ. ಇಡುವ ಡಬ್ಬಿ ತೆರೆದರು. ಸಿ.ಡಿ. ಇರಲಿಲ್ಲ.

"ಆಂಜೆಲಾ! ಇಲ್ಲಿದ್ದ ಸಿ.ಡಿ. ಎಂತ ಮಾಡಿದೆ?"

ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು: "ಹಳೆಯದಲ್ವಾ? ಹಕ್ಕಿ ಬಾರದ ಹಾಗೆ ಅಲಸಂಡೆ ಚಪ್ಪರಕ್ಕೆ ಕಟ್ಟಿದ್ದೇನೆ!"

ಪ್ಯಾಟ್ರಿಕ್ ಹಿತ್ತಿಲಿಗೆ ಓಡಿದರು. ಗಾಳಿಗೆ ಮಿರಮಿರನೆ ಮಿನುಗುತ್ತಾ ತಿರುಗುತ್ತಿದ್ದ ಸಿ.ಡಿ.ಯನ್ನು ಬಿಚ್ಚಿ, ಸಾಬೂನು ನೀರಿನಲ್ಲಿ ತೊಳೆದು, ಬನಿಯನ್ನಿನಲ್ಲಿ ಒರೆಸಿ ಕಂಪ್ಯೂಟರಿನ ಬಾಯಿಗೆ ಕೊಟ್ಟರು. ಅದು ಗೊರಗೊರ ಅಂದಿತು, ಸುಮ್ಮನಾಯಿತು, ಮತ್ತೆ ಗೊರಗುಟ್ಟಿತು. ಪ್ರಫುಲ್ಲಾ ಸೆರಗು ಹಿಡಿದು ನಿಂತೇ ಇದ್ದರು. ಕೊನೆಗೆ ಪರದೆ ಬೆಳಗಿತು. ಪ್ಯಾಟ್ರಿಕ್ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಮೊದಲನೆಯದನ್ನು ಹಾಕಿದರು.

ಹಾಡಿಗಿಂತ ಮೊದಲು ಕೇಳಿಸಿದ್ದು ಅಮ್ಮನ ಗದರಿಕೆ: "ಹೂಶ್! ಹೂಶ್!" ಅಂಗಳದಲ್ಲಿ ಒಣಗಲು ಹಾಕಿದ ಭತ್ತಕ್ಕೆ ಬಂದ ಕಾಗೆಗಳನ್ನು ಅವರು ಅಂದು ರೆಕಾರ್ಡಿಂಗಿಗೆ ಕೂತಲ್ಲಿಂದಲೇ ಓಡಿಸಿದ್ದರು. ಪ್ರಫುಲ್ಲಾ ನಗುತ್ತಲೇ ಕಣ್ಣೊರೆಸಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಆಂಜೆಲಾ ಹೇಳಿದರು: "ಅಕ್ಕಾ, ಇದರದ್ದೊಂದು ಕಾಪಿ ನನಗೂ ಬೇಕು. ಚಪ್ಪರಕ್ಕೆ ಈಗ ಕಾವಲಿಲ್ಲ."