ದಾನವ್ವ ಹೇಳಿದ ಸಾಕ್ಷಿ

ಮುಂಬಯಿಯ ಬೈಕುಲ್ಲಾದ ನಮ್ಮ ಕನ್ನಡ ಚರ್ಚಿನ ಮಾಡಿಗೆ ಗೆದ್ದಲು ಹಿಡಿದದ್ದು ಎಲ್ಲರಿಗೂ ಗೊತ್ತಿತ್ತು. ಹಿರಿಯರು ವರ್ಷಗಟ್ಟಲೆ ಅದರ ಮೇಲೆ ಮೀಟಿಂಗು ನಡೆಸಿದರು. ಗೆದ್ದಲು ಮೀಟಿಂಗು ಗೀಟಿಂಗು ಇಲ್ಲದೆ ತನ್ನ ಕೆಲಸ ಮಾಡಿಕೊಂಡು ಹೋಯಿತು. ಎಂಬತ್ತೇಳರ ಮಳೆಗಾಲದಲ್ಲಿ ಪ್ರಸಂಗ ಮಾಡುತ್ತ ನಿಂತಿದ್ದ ಪಾಸ್ಟರ ತಲೆಯ ಮೇಲೆಯೇ ನೀರು ಸುರಿದಾಗ ಇಂಜಿನಿಯರನ್ನು ಕರೆಸಿದರು. ಆತ ತೊಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದರ ಕೆಳಗೆ ಯಾರನ್ನೂ ಕೂರಿಸಬೇಡಿ ಎಂದ. ರಿಪೇರಿಯ ಖರ್ಚು ಕೇಳಿ ಖಜಾಂಚಿ ಶೆಟ್ಟೆಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ಅಷ್ಟೊತ್ತಿಗೆ ಈ ಚರ್ಚಿಗೆ ಕಾಲ್ನಡಿಗೆಯಲ್ಲಿ ಬರುವವಳೆಂದರೆ ದಾನವ್ವ ಒಬ್ಬಳೇ. ಬೆಟಗೇರಿಯಿಂದ ಮದುವೆಯಾಗಿ ಬಂದವಳು. ಗಂಡ ಪರಪ್ಪನಿಗೆ ಮಿಲ್ಲಿನಲ್ಲಿ ಕೆಲಸ. ಮುಷ್ಕರದಲ್ಲಿ ಮಿಲ್ಲು ಹೋಯಿತು, ಅದೇ ಕೊರಗಿನಲ್ಲಿ ಆತನೂ ಹೋದ. ಮಕ್ಕಳಿಲ್ಲ. ನಮ್ಮವರೆಲ್ಲ ಚಾಳಿನ ಖೋಲಿ ಬಿಟ್ಟು ದೂರದ ಕಲ್ಯಾಣ್, ಅಂಬರನಾಥ ಎಂದು ಚದುರಿದರೂ ಆಕೆ ತರಕಾರಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸಿಕೊಂಡು ಅಲ್ಲೇ ಉಳಿದಳು. ವಾರವಿಡೀ ಮರಾಠಿ, ಹಿಂದಿ. ಇಡೀ ಚಾಳಿನಲ್ಲಿ ಕನ್ನಡ ಬಲ್ಲ ಒಂದು ನರಪಿಳ್ಳೆಯೂ ಇರಲಿಲ್ಲ. ಭಾನುವಾರದ ಆರಾಧನೆಯಲ್ಲಷ್ಟೇ ಆಕೆಗೆ ತನ್ನ ಮಾತು ಕಿವಿಗೆ ಬೀಳುತ್ತಿದ್ದುದು. ಅದಕ್ಕೇ ಎಲ್ಲರಿಗಿಂತ ಮೊದಲು ಬಂದು ಜಮಖಾನ ಹಾಸಿ, ಬಾಗಿಲಲ್ಲಿ ನಿಂತು, ಒಬ್ಬೊಬ್ಬರನ್ನೂ ಹಿಡಿದು ಮಾತಾಡಿಸುತ್ತಿದ್ದಳು. ನಮಗೋ ಮನೆಗೆ ಮರಳುವ ಲೋಕಲ್ ರೈಲು ಹಿಡಿಯುವ ಅವಸರ. ಆ ಚರ್ಚು ಮುಚ್ಚಿದರೆ ಆಕೆಗೆ ಉಳಿಯುವುದೇನು ಎಂದು ಯಾರೂ ಯೋಚಿಸಿರಲಿಲ್ಲ.

ಹಣ ಕೊಡಬೇಕಾದ ಮೇಲಿನ ಕಚೇರಿಯವರು, ಸಭೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ಜನರಲ್ಲಿ, ಜೀವ ಇದೆಯೋ ಇಲ್ಲವೋ ಒಮ್ಮೆ ಬಂದು ನೋಡುತ್ತೇವೆ ಎಂದರು. ಆ ಭಾನುವಾರ ಯಾರೂ ತಪ್ಪಿಸಬಾರದೆಂದು ಶೆಟ್ಟೆಪ್ಪ ಮನೆ ಮನೆಗೆ ಹೇಳಿ ಕಳಿಸಿದ. ಕ್ರಿಸ್‌ಮಸ್ಸಿಗೂ ಮುಖ ತೋರಿಸದವರು ಅಂದು ಬಂದರು. ಜಮಖಾನ ಸಾಲದೆ ಹೋದದ್ದು ಕಂಡು ದಾನವ್ವ ಹಿಗ್ಗಿಹೋದಳು. ಆರಾಧನೆ ಮುಗಿದ ಮೇಲೆ ಕಚೇರಿಯಿಂದ ಬಂದ ಸಾಹೇಬರು, ಕನ್ನಡ ಬಲ್ಲವರೇ, “ಈ ಕಟ್ಟಡ ಉಳಿಯಬೇಕು ಅನ್ನುವವರು ಮಾತಾಡಿ” ಎಂದರು. ಹಿರಿಯರು ಮುಖ ಮುಖ ನೋಡಿಕೊಂಡರು. ದಾನವ್ವ ಎದ್ದಳು.

ನಮ್ಮಲ್ಲಿ ಚರ್ಚಿನೊಳಗೆ ಎದ್ದು ನಿಂತರೆ ಸಾಕ್ಷಿ ಹೇಳಿದಂತೆ. ಸಾಕ್ಷಿಯಲ್ಲಿ ದೇವರ ಉಪಕಾರ ಹೇಳುವುದು, ಬೇರೆಯವರ ಭಕ್ತಿಯನ್ನು ಹೊಗಳುವುದು, ಕೂತುಕೊಳ್ಳುವುದು. ತನಗೇನು ಬೇಕೆಂದು ಅಲ್ಲಿ ಹೇಳುವ ರೂಢಿಯಿಲ್ಲ. ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಆ ರೂಢಿಯಂತೆಯೇ ನಡೆದುಕೊಂಡಳು.

“ಇವರ ಭಕ್ತಿ ದೊಡ್ಡದರಿ. ನಮ್ಮ ಸುಂದ್ರವ್ವ ಅಂಬರನಾಥದಿಂದ ಬರತಾಳ, ಕೂಸಿನ್ನ ಬಗಲಾಗ ಇಟಗೊಂಡು ಲೋಕಲ್‌ನ್ಯಾಗ ನಿಂತಗೊಂಡ. ಶೆಟ್ಟೆಪ್ಪಣ್ಣಾರು ಕಲ್ಯಾಣದಿಂದ. ಮನಿ ಮುಟ್ಟೂದ್ರಾಗ ಹೊತ್ತ ಏರಿರತೈತಿ, ಮಕ್ಕಳು ಹಸದಿರತಾವು. ಆದರೂ ಬಿಡಂಗಿಲ್ಲ. ಎಲ್ಲಾರೂ ಆ ಕಡೆಯವರ ಅದಾರ್ರೀ.”

“ಇಲ್ಲೇ ಹತ್ತಿರ ಇರುವವರು ಎಷ್ಟು ಜನ ತಾಯಿ?”

“ನಾ ಒಬ್ಬಾಕೀರಿ. ನಂದೇನೈತ್ರಿ, ನನ್ನ ಬಿಡ್ರಿ.”

ಸಾಹೇಬರು ಬಿಟ್ಟರು. ಜನ ಎಲ್ಲಿದ್ದಾರೋ ಸಭೆಯೂ ಅಲ್ಲೇ ಇರಬೇಕಲ್ಲವೇ ಎಂದು ಅಲ್ಲಿಯೇ ಹೇಳಿದರು. ಕೆಲವು ದಿನಗಳಲ್ಲಿ ತೀರ್ಮಾನವೂ ಬಂತು: ರಿಪೇರಿ ಬೇಡ, ಇನ್ನು ಆರಾಧನೆ ಕಲ್ಯಾಣಿನ ಒಂದು ಶಾಲೆಯಲ್ಲಿ. ಸುಳ್ಳೇಕೆ, ನಮಗೆಲ್ಲ ಒಳಗೊಳಗೇ ಖುಷಿ. ಶೆಟ್ಟೆಪ್ಪ ಆಕೆಯ ಕೈ ಹಿಡಿದು, “ದಾನವ್ವಾ, ದೇವರ ನಿನ್ನ ಬಾಯಿಲೆ ಮಾತಾಡಿದಾ ನೋಡು” ಎಂದ. ಆಕೆ “ಹೂನ್ರಿ” ಎಂದು ಜಮಖಾನ ಸುತ್ತತೊಡಗಿದಳು.

ಕಲ್ಯಾಣಿಗೆ ಆಕೆ ಬಂದದ್ದು ಒಂದೇ ಸಲ. ಮೊಣಕಾಲು ನೋವಿನವಳು, ಸ್ಟೇಷನ್ನಿನ ಸೇತುವೆ ಹತ್ತಿಳಿದು ಶಾಲೆ ಮುಟ್ಟುವ ಹೊತ್ತಿಗೆ ಕೊನೆಯ ಪ್ರಾರ್ಥನೆ ನಡೆದಿತ್ತು. ಒಮ್ಮೆ ಮನೆಗೆ ಬಾ ಎಂದು ಎಲ್ಲರೂ ಕರೆದರು. ಈಗಲೇ ಬಾ, ಉಂಡು ಹೋಗು ಎಂದವರಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ ಮಾರ್ಕೆಟ್ಟಿನಲ್ಲಿ ನನಗೆ ಸಿಕ್ಕಳು. ಕನ್ನಡ ಕೇಳಿದ್ದೇ ತಡ, ಉಳ್ಳಾಗಡ್ಡಿಯ ಬುಟ್ಟಿ ಬದಿಗಿಟ್ಟು ನನ್ನ ಕೈ ಹಿಡಿದುಕೊಂಡಳು. ಭಾನುವಾರ ಏನು ಮಾಡುತ್ತೀ ಎಂದು ಕೇಳಿದೆ. ಮೊದಮೊದಲು ಖೋಲಿಯಲ್ಲೇ ಆರಾಧನೆ ಮಾಡಿದಳಂತೆ. ಬಿಳಿ ಸೀರೆ ಉಟ್ಟು, ಬಾಗಿಲು ಮುಂದೆ ಮಾಡಿ, ಪಾಸ್ಟರು ಹೇಳುವುದನ್ನೂ ಸಭೆ ತಿರುಗಿ ಹೇಳುವುದನ್ನೂ ತಾನೊಬ್ಬಳೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಹೀಗೊಂದು ದಿನ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಪಕ್ಕದ ಖೋಲಿಯ ಸೊಸೆ ಬಾಗಿಲು ತಳ್ಳಿ, ಯಾರ ಜೊತೆ ಮಾತಾಡುತ್ತಿದ್ದೀ ಮಾವಶಿ ಎಂದು ಮರಾಠಿಯಲ್ಲಿ ಕೇಳಿದಳು.

“‘ಕೋಣಿ ನಾಹೀ’ ಅಂದಬಿಟ್ಟೆ,” ಎಂದಳು ದಾನವ್ವ. “ಯಾರೂ ಇಲ್ಲಂತ. ದೇವರ ಮುಂದ ಕುಂತಗೊಂಡು ಹಂಗ ಅಂದಬಿಟ್ಟೆ ನೋಡ್ರಿ. ಅವತ್ತಿಂದ ಪ್ರಾರ್ಥನಾಕ ಬಾಯಿ ಬರವಲ್ದು.”