ದೇವರ ಮನೆಗೆ ಹೋದ ಮರದ ಮೊಟ್ಟೆ

ಅವ್ವನ ಹೊಲಿಗೆ ಪೆಟ್ಟಿಗೆ ನನಗೆ ಬೇಕಿತ್ತು. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಅದೊಂದನ್ನು ಕೇಳಿದೆ. ಮೈಸೂರಿನ ಮಿಷನ್ ಶಾಲೆಯಲ್ಲಿ ಓದಿದ್ದ ಅವ್ವನಿಗೆ, ಮದುವೆಯಾಗಿ ಸಿಂಧಘಟ್ಟಕ್ಕೆ ಬರುವಾಗ ಹೊಲಿಗೆ ಟೀಚರು ಕೊಟ್ಟದ್ದು ಅದು. ಈಗ ಆ ಮನೆಯಲ್ಲಿರುವ ನನ್ನ ತಮ್ಮ, ಅವ್ವನ ತಿಥಿಯ ದಿನ, ಅಂಥ ಪೆಟ್ಟಿಗೆಯೇ ಇಲ್ಲ ಎಂದುಬಿಟ್ಟ. ಆಮೇಲೆ ಅಟ್ಟ ಗುಡಿಸುವಾಗ ಸಿಕ್ಕಿತಂತೆ. ನನಗೆ ಹೇಳಲಿಲ್ಲ. ನಾಗಮಂಗಲದಲ್ಲಿರುವ ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದರೊಳಗಿನ ಒಂದೊಂದು ಸಾಮಾನಿಗೂ ನಾಮಕರಣ ಆಗಿಹೋಗಿತ್ತು.

ನಾಮಕರಣ ಮಾಡಿದ ಮಹಾನುಭಾವ ತಮ್ಮನ ಹೆಂಡತಿಯ ಅಣ್ಣ. ಬಾಬುರಾಯನಕೊಪ್ಪಲಿನವನು, ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಶ್ರೀರಂಗಪಟ್ಟಣದ ಸುತ್ತಮುತ್ತಲಿನ ಕೆಲವರಿಗೆ ಒಂದು ಕಾಯಿಲೆ ಇದೆ. ತುಕ್ಕು ಹಿಡಿದ ಲಾಳ ಸಿಕ್ಕರೂ ಅದು ಸುಲ್ತಾನರ ಕುದುರೆಯದ್ದೇ ಆಗಬೇಕು. ಈತನಿಗಂತೂ ಅದು ನೆತ್ತಿಗೇರಿದೆ. ಅಗಲ ಕಣ್ಣಿನ ಮೊಂಡು ಸೂಜಿಯೊಂದನ್ನು ಎತ್ತಿ ಹಿಡಿದು, ಸೈನ್ಯದ ವೈದ್ಯರು ಗಾಯ ಹೊಲಿಯುತ್ತಿದ್ದ ಸೂಜಿ ಎಂದನಂತೆ. ಅವ್ವ ಅದರಲ್ಲಿ ನನ್ನ ಲಂಗಕ್ಕೆ ಲಾಡಿ ಪೋಣಿಸುತ್ತಿದ್ದಳು. ಆ ಮೊಂಡು ಮೂತಿಯಿಂದ ಗಾಯ ಹೊಲಿಸಿಕೊಳ್ಳುವ ಸಿಪಾಯಿ ಶತ್ರುವಿನ ಕಡೆಗೇ ಓಡಿಹೋಗುತ್ತಿದ್ದ.

ತಮ್ಮನ ಹೆಂಡತಿ ಅಷ್ಟು ದೂರ ಹೋಗಲಿಲ್ಲ, ಅಡುಗೆಮನೆಗೆ ಹೋದಳು. ಹಿಡಿಯ ತುದಿಗೆ ಹಲ್ಲಿನ ಚಕ್ರವಿದ್ದದ್ದನ್ನು ಕರ್ಜಿಕಾಯಿ ಕತ್ತರಿಸುವುದೆಂದು ತೀರ್ಮಾನಿಸಿ ಗೌರಿ ಹಬ್ಬಕ್ಕೆ ಅದರಲ್ಲೇ ಕರ್ಜಿಕಾಯಿ ಮಾಡಿದಳು. ಬಟ್ಟೆಯ ಮೇಲೆ ಹೊಲಿಗೆಯ ಗುರುತು ಮೂಡಿಸುವ ಚಕ್ರ ಅದು. ಚುಚ್ಚುತ್ತದೆ, ಕತ್ತರಿಸುವುದಿಲ್ಲ. ಕರ್ಜಿಕಾಯಿಗಳೆಲ್ಲ ಎಣ್ಣೆಯಲ್ಲಿ ಬಾಯಿಬಿಟ್ಟು ಹೂರಣ ಸೀದುಹೋಯಿತು. "ಹಳೇ ಕಾಲ್ದ ಕಬ್ಣ, ಇಂಗೇ ಆಗೋದು" ಎಂದು ಕಬ್ಬಿಣವನ್ನೇ ಬೈದಳಂತೆ.

ಉಳಿದದ್ದು ಹಿಡಿಯಿರುವ ಒಂದು ಮರದ ಮೊಟ್ಟೆ. ಕೈಯ ಜಿಡ್ಡು ಕುಡಿದು ಕಪ್ಪಗೆ, ನುಣ್ಣಗೆ ಆಗಿತ್ತು. ಅದೇನೆಂದು ಇತಿಹಾಸಕ್ಕೂ ಹೊಳೆಯಲಿಲ್ಲ. ಅಷ್ಟರಲ್ಲಿ, ದನದ ಡಾಕ್ಟರು ಎಷ್ಟು ಸಲ ಬಂದು ಹೋದರೂ ಗಬ್ಬವಾಗದ ಸೀಮೆಹಸು ಗಬ್ಬವಾಯಿತು. ಸರಿ, ಇದು ಮೊಟ್ಟೆಯ ಮಹಿಮೆಯೇ ಎಂದು ಅದನ್ನು ಅಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿ ಕೂರಿಸಿದರು. ಡಾಕ್ಟರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟ ಸುದ್ದಿ ಬರಲಿಲ್ಲ. ಹಾಸಿಗೆ ಹಿಡಿದ ಅವ್ವನಿಗೆ ಹೊತ್ತಿಗೆ ಸರಿಯಾಗಿ ಕಾಫಿ ಕೊಡದ ಕೈ, ಈಗ ಮೊಟ್ಟೆಗೆ ಎರಡು ಹೊತ್ತೂ ದೀಪ ಹಚ್ಚುತ್ತಿತ್ತು.

ಒಂದು ಭಾನುವಾರ ಹೋದೆ. ಪಾಂಡವಪುರದ ಕಡೆ ಬೀಗರೂಟಕ್ಕೆ ಹೊರಟಿದ್ದರು, ಇತಿಹಾಸದವನೂ ಬಂದಿದ್ದ. ಬಾಡೂಟ ಉಂಡು ಬಂದು ದೇವರನ್ನು ಮುಟ್ಟುವಂತಿಲ್ಲವೆಂದು ಪೂಜೆ ಮೊದಲೇ ಮುಗಿದಿತ್ತು. ಮೊಟ್ಟೆಯ ನೆತ್ತಿಯ ಮೇಲೆ ಸೇವಂತಿಗೆ.

"ಅವ್ವನ ಪೆಟ್ಗೆ ಕೊಡು, ಹೋಯ್ತೀನಿ" ಎಂದೆ.

"ಅದು ಇತಿಹಾಸದ ಸಾಮಾನಂತೆ ಕಣಕ್ಕ. ಮ್ಯೂಸಿಯಮ್ಮಿಗೆ ಕೊಡಾವ ಅಂತಾವ್ರೆ ಭಾವ" ಎಂದ ತಮ್ಮ.

"ದೇವ್ರಂತೂ ಮನೆ ಬುಟ್ಟು ಓಗಂಗಿಲ್ಲ" ಎಂದಳು ಅವನ ಹೆಂಡತಿ.

ನಾನು ಸೀದಾ ದೇವರ ಮನೆಗೆ ಹೋಗಿ ಮೊಟ್ಟೆಯನ್ನು ಎತ್ತಿಕೊಂಡೆ. ಅದು ಏನೆಂದು ನಿಜವಾಗಿ ನನಗೂ ತಿಳಿದಿರಲಿಲ್ಲ. ಹಿಡಿಯನ್ನು ತಿರುಗಿಸಿದೆ. ಬಿಚ್ಚಿಕೊಂಡಿತು. ಒಳಗೆ ಉದ್ದನೆಯ ಸೂಜಿ, ಅದಕ್ಕೆ ಸುತ್ತಿದ ಕಡುನೀಲಿ ಉಣ್ಣೆ. ಆ ನೀಲಿಯನ್ನು ನಾನು ಮರೆಯುವುದುಂಟೆ? ತಮ್ಮನನ್ನು ಕೆ.ಆರ್. ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಿದಾಗ ಅವನಿಗೆ ಆ ಬಣ್ಣದ ಕಾಲುಚೀಲ. ನನಗೆ ಊರಿನ ಶಾಲೆ, ಬರಿಗಾಲು. ಅವನ ಹೆಬ್ಬೆರಳು ಸದಾ ಹೊರಗೆ. ಅವ್ವ ಜಗಲಿಯಲ್ಲಿ ಕೂತು, ತೂತಿಗೆ ಎಳೆ ಹೆಣೆದು ರಫು ಹಾಕುತ್ತಿದ್ದಳು. ರಫು ಒತ್ತುತ್ತದೆ ಎಂದು ಇವನು ಕಾಲುಚೀಲವನ್ನು ಅವಳ ಮುಖಕ್ಕೇ ಎಸೆಯುತ್ತಿದ್ದ. ಮೊಟ್ಟೆಯನ್ನು ನಾನು ಕಂಡಿರಲಿಲ್ಲ, ಏಕೆಂದರೆ ಅದು ಯಾವಾಗಲೂ ಕಾಲುಚೀಲದೊಳಗೇ ಇರುತ್ತಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮುಂದಾಯಿತು.

ತಮ್ಮ ಬೂಟು ಹಾಕಿಕೊಳ್ಳಲು ಕುರ್ಚಿಯಲ್ಲಿ ಕೂತಿದ್ದ. ಹೆಬ್ಬೆರಳು ಈಗಲೂ ಹೊರಗೇ ಇತ್ತು.

"ಬಿಚ್ಲಾ ಕಾಲ್ಚೀಲವ" ಎಂದೆ.

ನನ್ನ ಮುಖ ನೋಡಿ ಬಿಚ್ಚಿಕೊಟ್ಟ. ಕುಂಕುಮದ ಸಮೇತ ಮೊಟ್ಟೆಯನ್ನು ಅದರೊಳಗೆ ತುರುಕಿದೆ. ತೂತು ಸರಿಯಾಗಿ ಉಬ್ಬಿನ ಮೇಲೆ ಬಂದು ಕೂತಿತು. ನೀಲಿ ಉಣ್ಣೆ ಪೋಣಿಸಿ ಅವ್ವ ಹಾಕುತ್ತಿದ್ದ ಹಾಗೆ ಉದ್ದಕ್ಕೆ, ಅಡ್ಡಕ್ಕೆ ಎಳೆ ಹಾಕತೊಡಗಿದೆ.

"ಅಯ್ಯಯ್ಯೋ, ದೇವ್ರಿಗೆ ಕಾಲ್ಚೀಲ ಹಾಕ್ಬುಟ್ರಲ್ಲ!" ಎಂದು ತಮ್ಮನ ಹೆಂಡತಿ ಕಿರುಚಿದಳು.

"ಸುಲ್ತಾನರ ಕಾಲದಲ್ಲಿ ಕಾಲುಚೀಲ ಇತ್ತೇ ಅನ್ನೋದನ್ನ ಪರಿಶೀಲಿಸಬೇಕಾಗುತ್ತೆ" ಎಂದ ಇತಿಹಾಸದವನು. ಇಂಥವರ ಕೈಯಲ್ಲಿ ಓದಿದ ಮಕ್ಕಳನ್ನು ನೆನೆದು ಮರುಗಿದೆ.

"ಯಾವ ಸುಲ್ತಾನನದೂ ಅಲ್ಲ, ನಮ್ಮವ್ವಂದು ಕಣ್ಲಾ" ಎಂದೆ ತಮ್ಮನಿಗೆ. "ನೀನು ಎಸೀತಿದ್ದೆಯಲ್ಲ, ಆ ರಫು ಇದ್ರ ಮೇಲೇ ಹಾಕ್ತಿದ್ದುದು."

ಅವನು ತಲೆ ತಗ್ಗಿಸಿದ. ಅವ್ವನ ನೆನಪಾಯಿತೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ಅವನು ಕೈಗಡಿಯಾರ ನೋಡಿಕೊಂಡ.

"ಕಾಲ್ಚೀಲದ್ದಾ? ಇದ್ಕಾ ನಾನು ದಿನಾ ದೀಪ ಹಚ್ತಿದ್ದುದು? ಎತ್ಕೊಂಡೋಗಿ ಅಕ್ಕ, ನಮ್ಗೆ ಬ್ಯಾಡ" ಎಂದಳು ಅವನ ಹೆಂಡತಿ. ತಾನೇ ಒಳಗಿಂದ ಪೆಟ್ಟಿಗೆ ತಂದು ಕಾಲಬುಡದಲ್ಲಿ ಕುಕ್ಕಿದಳು. ದೇವರದು, ಸುಲ್ತಾನರದು ಎಂದಾಗ ಎಲ್ಲರಿಗೂ ಬೇಕಾಗಿತ್ತು. ಅವ್ವನದು ಎಂದ ಕೂಡಲೇ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಇತಿಹಾಸದವನಾಗಲೇ ಕಾರಿನಲ್ಲಿ ಕೂತು ಊಟಕ್ಕೆ ಹೊತ್ತಾಯಿತೆಂದು ಕೂಗುತ್ತಿದ್ದ.

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ದಾಟಿದಾಗ ತಮ್ಮ ಹಿಂದೆ ಓಡಿಬಂದ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

"ಅಕ್ಕ, ನನ್ನ ಕಾಲ್ಚೀಲ?"

"ರಫು ಮುಗಿಸಿ ಕಳಿಸ್ತೀನಿ ಬುಡು" ಎಂದೆ.

ಮುಗಿಸಿದ್ದೇನೆ. ಕಳಿಸಿಲ್ಲ.